ಓದುಗರ ಪ್ರಶ್ನೆ: ಅಟ್ಟದ ಮೇಲಿನ ನೀಲಿ ಪೆಟ್ಟಿಗೆ

ಹಿಂದಿನ ಸಂಚಿಕೆಯಲ್ಲಿ ನಮ್ಮ ಮನೆಯ ಹಳೇ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇದನ್ನೆಲ್ಲ ಯಾರು ಓದ್ತಾರೆ ಅಂದುಕೊಂಡೇ ಬರೆದಿದ್ದು. ಆದರೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇವೆ. ಮಲೆನಾಡಿನ ಅಟ್ಟಗಳ ಮೇಲೆ ಇಷ್ಟೊಂದು ಗ್ರಾಫಿಕ್ಸ್ ವರ್ಕ್‌ಸ್ಟೇಷನ್‌ಗಳು ಮಲಗಿವೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು: ಯಂತ್ರದ ನಕ್ಷೆ, ಕಟ್ಟಡದ ಮಾದರಿ, ಸಿನಿಮಾ ಗ್ರಾಫಿಕ್ಸ್ ಇಂಥ ಕೆಲಸಕ್ಕೆ ಅಂತಲೇ 1980 ಮತ್ತು 90ರ ದಶಕದಲ್ಲಿ ಬಂದ ದುಬಾರಿ ಕಂಪ್ಯೂಟರ್‌ಗಳಿವು. ನಮ್ಮ ಮಾಮೂಲಿ ಪಿಸಿಗೂ ಇವಕ್ಕೂ ಪ್ರೊಸೆಸರ್ ಬೇರೆ, ಕೇಬಲ್ ಬೇರೆ, ಒಳಗಿನ ಸಾಫ್ಟ್‌ವೇರೂ ಬೇರೆ.

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ): ಸರ್, ನಮ್ಮ ಚಿಕ್ಕಪ್ಪ ಬೆಂಗಳೂರಿನಲ್ಲಿ ಒಂದು ಡಿಸೈನ್ ಆಫೀಸಿನಲ್ಲಿದ್ದರು. ಆಫೀಸು ಮುಚ್ಚಿದಾಗ ಒಂದು ನೀಲಿ ಬಣ್ಣದ ಚಪ್ಪಟೆ ಪೆಟ್ಟಿಗೆ ಮನೆಗೆ ತಂದರು. ಇಪ್ಪತ್ತು ವರ್ಷದಿಂದ ಅಟ್ಟದ ಮೇಲೆ ಅಡಿಕೆ ಚೀಲಗಳ ಹಿಂದೆ ಇದೆ. ಮೇಲೆ ಇಂಡಿ ಅಂತ ಬರೆದಿದೆ. ಪ್ಲಗ್ ಹಾಕಿ ನೋಡಲಾ?

ಉತ್ತರ: ಬೇಡ. ದಯವಿಟ್ಟು ಬೇಡ. ಇಪ್ಪತ್ತು ವರ್ಷ ಕಾದಿದೆ, ಇನ್ನೊಂದು ಇಪ್ಪತ್ತು ದಿನ ಕಾಯಲಿ.

ಮೊದಲು ನಿಮ್ಮ ಕೈಯಲ್ಲಿರುವುದು ಏನು ಅಂತ ಹೇಳಿಬಿಡ್ತೀನಿ. ಇಂಡಿ 1993ರಲ್ಲಿ ಬಂತು. ಸಿಲಿಕಾನ್ ಗ್ರಾಫಿಕ್ಸ್, ಅಂದರೆ ಎಸ್‌ಜಿಐ ಕಂಪನಿಯ ಅಗ್ಗದ ಮಾದರಿ ಅದು. ಅಗ್ಗ ಅಂದರೆ ಶುರುವಿನ ಬೆಲೆಯೇ 5,000 ಡಾಲರ್ ಹತ್ತಿರ, ಆಗಿನ ಲೆಕ್ಕದಲ್ಲಿ ನಮ್ಮ ಕಡೆ ಅಷ್ಟು ದುಡ್ಡಿಗೆ ಒಳ್ಳೇ ಜಾಗವೇ ಸಿಗ್ತಿತ್ತು. ಅದಕ್ಕಿಂತ ಮೊದಲು ಇಂಡಿಗೋ ಅಂತ ಒಂದು ಮಾದರಿ ಇತ್ತು. ಇಂಡಿಗೋದಿಂದ ‘ಗೋ’ ತೆಗೆದರೆ ಇಂಡಿ ಅಂತ ಆಗಿನವರು ತಮಾಷೆ ಮಾಡ್ತಿದ್ದರು, ಯಾಕೆಂದರೆ 16 ಎಂಬಿ ಮೆಮೊರಿ ಹಾಕಿ ಮಾರಿದ ಇಂಡಿಗಳು ಎತ್ತಿನ ಗಾಡಿಯ ಹಾಗೆ ಓಡುತ್ತಿದ್ದವು. ಆದರೂ ಮೇಲೆ ಒಂದು ಪುಟ್ಟ ಕ್ಯಾಮೆರಾ ಜೊತೆಗೇ ಕೊಡುತ್ತಿದ್ದರು, 1993ರಲ್ಲಿ! ನಿಮ್ಮ ಅಟ್ಟದ ಮೇಲೆ ಅದೂ ಇದೆಯಾ ನೋಡಿ. ಎಷ್ಟೋ ಜನ ಅದೇನೋ ಹಳೇ ಟಾರ್ಚ್ ಅಂದುಕೊಂಡು ಎಸೆದಿರ್ತಾರೆ.

ಈಗ ಯಾಕೆ ಪ್ಲಗ್ ಹಾಕಬಾರದು ಅಂತ. ನಾನು ಮಾಡಿದ ಕೆಲಸ ಕೇಳಿ. ಕೆಲವು ವರ್ಷದ ಹಿಂದೆ ಒಂದು ಹಳೇ ಮಾನಿಟರ್ ಸಿಕ್ಕಿತು. ಪುಷ್ಯ ಮಳೆ ಸುರಿಯುತ್ತಿತ್ತು. ತಂದ ಖುಷಿಯಲ್ಲಿ ಒದ್ದೆ ಕೈ ಒರೆಸಿಕೊಂಡು ನೇರ ಸ್ವಿಚ್ ಹಾಕಿದೆ. ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಟಪ್ ಅಂತು, ಮನೆ ತುಂಬಾ ಸುಟ್ಟ ಮೀನಿನಂಥ ವಾಸನೆ, ಹೊಗೆ. ನಮ್ಮಮ್ಮ ಮೂರು ದಿನ ಆ ರೂಮಿಗೆ ಕಾಲಿಡಲಿಲ್ಲ. ಬಿಚ್ಚಿ ನೋಡಿದರೆ ಕರೆಂಟ್ ಒಳಗೆ ಬರುವ ಜಾಗದಲ್ಲಿ ಒಂದು ಪೇಪರ್ ಕೆಪಾಸಿಟರ್ ಒಡೆದಿತ್ತು. ಜೇನುತುಪ್ಪದ ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಕಾಗದದ ಸುರುಳಿ ಇರುವ ಜಾತಿ ಅದು. ವರ್ಷ ಕಳೆದ ಹಾಗೆ ಆ ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯಂಥ ಬಿರುಕು ಬರುತ್ತದೆ, ಅದರಲ್ಲಿ ಗಾಳಿಯ ತೇವ ಇಳಿಯುತ್ತದೆ, ಕಾಗದ ಒದ್ದೆಯಾಗುತ್ತದೆ. ಅದಕ್ಕೆ 230 ವೋಲ್ಟ್ ಕೊಟ್ಟರೆ ಇನ್ನೇನಾಗುತ್ತದೆ? ಬಯಲುಸೀಮೆಯಲ್ಲಾದರೆ ಇನ್ನೊಂದಷ್ಟು ಕಾಲ ಬಾಳುತ್ತಿತ್ತೋ ಏನೋ. ನಮ್ಮಲ್ಲಿ ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಹಪ್ಪಳವೇ ಡಬ್ಬಿಯೊಳಗೆ ಮೆತ್ತಗಾಗುವ ಊರಲ್ಲಿ ಕಾಗದದ ಕೆಪಾಸಿಟರ್ ಗತಿ ಏನು ಹೇಳಿ.

ಹಾಗಾಗಿ ಹೀಗೆ ಮಾಡಿ. ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿ ಕಳೆದು ಬಿಸಿಲು ಕಾಯಲು ಶುರುವಾದಾಗ ಪೆಟ್ಟಿಗೆ ಕೆಳಗಿಳಿಸಿ. ಬಿಸಿಲಿಗೇ ಇಡಬೇಡಿ, ಬಿಸಿಲು ಬರುವ ರೂಮಿನ ನೆರಳಲ್ಲಿ ವಾರ ಬಿಡಿ. ಮುಚ್ಚಳ ತೆಗೆಯುವಾಗ ಮೆತ್ತಗೆ, ಆ ಕಾಲದ ಪ್ಲಾಸ್ಟಿಕ್ ಈಗ ಸಂಡಿಗೆ ಆಗಿದೆ, ಕೊಂಡಿಗಳು ಪಟ್ ಅಂತ ಮುರಿಯುತ್ತವೆ. ಒಳಗೆ ಮೊದಲು ಕಾಣೋದು ಕಂಪ್ಯೂಟರ್ ಅಲ್ಲ, ಪ್ರಾಣಿ ಸಂಗ್ರಹಾಲಯ. ನನ್ನ ಇಂಡಿಯ ಹಿಂದಿನ, ಡಿಸ್ಕ್ ಇತ್ಯಾದಿ ಜೋಡಿಸುವ ಸ್ಕಸಿ ಪೋರ್ಟ್‌ನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಐವತ್ತು ಪಿನ್ನುಗಳ ಮಧ್ಯೆ ಒಣಗಿದ ಮಣ್ಣು, ಮಣ್ಣಿನೊಳಗೆ ಅದು ಮರಿಗೆ ಅಂತ ತಂದಿಟ್ಟ ಜೇಡಗಳು. ನೀರು ಹಾಕಿ ನೆನೆಸೋಣ ಅನ್ನಿಸುತ್ತದೆ, ಹಾಕಬೇಡಿ. ಬಿದಿರು ಕಡ್ಡಿಯ ತುದಿ ಚೂಪು ಮಾಡಿ ಒಂದೊಂದೇ ಪಿನ್ನಿನ ಪಕ್ಕ ಕೆರೆದು ತೆಗೆಯಿರಿ, ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ಗೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ. ನನಗೆ ಎರಡು ಸಂಜೆ ಹಿಡಿಯಿತು.

ಪವರ್ ಸಪ್ಲೈ ಮಾತ್ರ ನೀವೇ ಬಿಚ್ಚಬೇಡಿ. ಒಳಗೆ 300 ವೋಲ್ಟಿಗೂ ಮೇಲ್ಪಟ್ಟ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಊರಲ್ಲಿ ಹಳೇ ಟಿವಿ ರಿಪೇರಿ ಮಾಡುತ್ತಿದ್ದವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರ ಹತ್ತಿರ ಸೀರೀಸ್ ಬಲ್ಬಿನ ಬೋರ್ಡ್ ಇರುತ್ತದೆ. 100 ವಾಟಿನ ಹಳೇ ಕಾಲದ ತಂತಿ ಬಲ್ಬು ಮಧ್ಯೆ ಹಾಕಿ ಕರೆಂಟ್ ಕೊಡ್ತಾರೆ. ಬಲ್ಬು ಒಂದು ಸಲ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ನಿಂತರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ಎಲ್‌ಇಡಿ ಬಲ್ಬಿನಲ್ಲಿ ಈ ಆಟ ನಡೆಯಲ್ಲ. ಅದಕ್ಕೂ ಮೊದಲು ಹಿಂದಿನ ಲೇಬಲ್ ಓದಿ: 230 ವೋಲ್ಟ್ ತಡೆಯುತ್ತದೆ ಅಂತ ಅಲ್ಲಿ ಬರೆದಿರಬೇಕು.

ಇನ್ನೊಂದು ಮುಖ್ಯ ವಿಷಯ. ಪೆಟ್ಟಿಗೆಯ ಹಿಂದೆ ಒಂದು ಸ್ಟಿಕ್ಕರ್‌ನಲ್ಲಿ 08:00:69 ಅಂತ ಶುರುವಾಗುವ ಒಂದು ನಂಬರ್ ಇದೆಯಾ ನೋಡಿ. ಇದ್ದರೆ ಈಗಲೇ, ಈ ಪತ್ರಿಕೆ ಕೆಳಗಿಟ್ಟು ಹೋಗಿ, ಒಂದು ಫೋಟೋ ತೆಗೆಯಿರಿ. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ. ಗೆದ್ದಲಿಗೆ ಪೇಪರ್ ಸ್ಟಿಕ್ಕರ್ ಅಂದರೆ ಹೋಳಿಗೆ.

ಪ್ರಶ್ನೆ (ಸಾಗರದಿಂದ): ನನ್ನ ಇಂಡಿ ಆನ್ ಆಗುತ್ತದೆ, ಆ ಚಂದದ ಟ್ಯೂನ್ ಕೂಡ ಬರುತ್ತದೆ. ಆದರೆ ಪ್ರತಿ ಸಲ ತಾರೀಕು ತಪ್ಪು ತೋರಿಸುತ್ತದೆ, ನೆಟ್‌ವರ್ಕ್ ವಿಳಾಸ ಎಲ್ಲಾ ಎಫ್ ಎಫ್ ಅಂತ ಬರುತ್ತದೆ. ಹಳೇ ತ್ರೀಡಿ ಸಾಫ್ಟ್‌ವೇರ್ ಒಂದಿತ್ತು, ಅದು ಲೈಸೆನ್ಸ್ ಇಲ್ಲ ಅನ್ನುತ್ತಿದೆ. ಮೂರೂ ಬೇರೆ ಬೇರೆ ತೊಂದರೆಯಾ?

ಉತ್ತರ: ಮೂರಕ್ಕೂ ಬೇರು ಒಂದೇ. ಬೋರ್ಡಿನ ಮೇಲೆ ಡಲ್ಲಾಸ್ ಅಂತ ಬರೆದ, ಚಾಕೊಲೇಟ್ ತುಂಡಿನಷ್ಟು ದಪ್ಪದ ಕರಿ ಚಿಪ್ ಹುಡುಕಿ. ಇಂಡಿಯಲ್ಲಿ ಅದು ಡಿಎಸ್1386. ಗಡಿಯಾರ, ಒಂದಿಷ್ಟು ಮೆಮೊರಿ, ಅದನ್ನು ಬದುಕಿಸಿಡಲು ಒಂದು ಲಿಥಿಯಂ ಸೆಲ್, ಮೂರನ್ನೂ ಒಟ್ಟಿಗೆ ಅಂಟಿನಲ್ಲಿ ಹೂತುಬಿಟ್ಟಿದ್ದಾರೆ. ಮಾಡಿದವರು ಹೇಳಿದ ಆಯಸ್ಸು ಹತ್ತು ವರ್ಷ. ಈಗ ಮೂವತ್ತು ದಾಟಿದೆ. ಸೆಲ್ ಸತ್ತರೆ ತಾರೀಕು ಹೋಗುತ್ತದೆ, ಅಲ್ಲೇ ಬರೆದಿಟ್ಟ ಈಥರ್ನೆಟ್ ವಿಳಾಸವೂ ಹೋಗುತ್ತದೆ. ಇಂಡಿಯ ಗುರುತಿನ ಸಂಖ್ಯೆ ಆ ವಿಳಾಸದಿಂದಲೇ ಹುಟ್ಟೋದು, ಆಗಿನ ದುಬಾರಿ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಕಟ್ಟಿದ್ದು ಆ ಸಂಖ್ಯೆಗೆ. ರೇಷನ್ ಕಾರ್ಡ್ ಕಳೆದುಹೋದರೆ ಅಕ್ಕಿಯೂ ಇಲ್ಲ ಅನ್ನುವ ಹಾಗೆ. ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್‌ಗಳಲ್ಲೂ ಇದೇ ಕಾಯಿಲೆ, ಚಿಪ್ಪಿನ ಹೆಸರು ಬೇರೆ ಅಷ್ಟೇ, ಅಲ್ಲಿ ವಿಳಾಸ 08:00:20ರಿಂದ ಶುರುವಾಗುತ್ತದೆ.

ಪರಿಹಾರ ಎರಡು. ಹೊಸ ಚಿಪ್ ಕೊಳ್ಳಬಹುದು. ಆದರೆ ಆನ್‌ಲೈನಿನಲ್ಲಿ ‘ಹೊಸದು’ ಅಂತ ಮಾರುವುದರಲ್ಲಿ ಹಳೇ ಚಿಪ್ಪಿಗೆ ಮೈ ಉಜ್ಜಿ ಹೊಸ ತಾರೀಕು ಹೊಡೆದದ್ದೂ ಇರುತ್ತದೆ, ನಾನು ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಎರಡನೆಯದು, ಇರುವ ಚಿಪ್ಪನ್ನೇ ಆಪರೇಷನ್ ಮಾಡೋದು. ಸಣ್ಣ ಅರದಿಂದ ಸೆಲ್ ಇರುವ ತುದಿಯ ಅಂಟನ್ನು ನಿಧಾನ ಉಜ್ಜುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಹೊಳೆಯುವ ಲೋಹದ ಎರಡು ಚುಕ್ಕೆ ಕಾಣುತ್ತವೆ, ಸೆಲ್‌ನ ಪ್ಲಸ್ ಮತ್ತು ಮೈನಸ್. ಹಳೇ ಸೆಲ್ಲಿಗೆ ಹೋಗುವ ಪಟ್ಟಿಯನ್ನು ಪೂರ್ತಿ ಕತ್ತರಿಸಬೇಕು. ಇದನ್ನು ಬಿಟ್ಟರೆ ಸತ್ತ ಸೆಲ್ ಹೊಸ ಸೆಲ್ಲನ್ನೂ ಕುಡಿದು ಮುಗಿಸುತ್ತದೆ. ಆಮೇಲೆ ಎರಡು ತೆಳು ವೈರ್ ಬೆಸುಗೆ ಹಾಕಿ, ತುದಿಗೆ ಸಿಆರ್2032 ಸೆಲ್ ಕೂರುವ ಹೋಲ್ಡರ್ ಹಚ್ಚಿ. ಯಾವ ಫ್ಯಾನ್ಸಿ ಅಂಗಡಿಯಲ್ಲೂ ಸಿಗುವ ಸೆಲ್ ಅದು. ಮುಂದಿನ ಸಲ ಸತ್ತರೆ ಒಂದು ನಿಮಿಷದ ಕೆಲಸ.

ಚಿಪ್ ಸಾಕೆಟ್ಟಿನಲ್ಲಿ ಕೂತಿದ್ದರೆ ನೀವು ಪುಣ್ಯವಂತರು, ಎರಡೂ ಕಡೆಯಿಂದ ಸಮವಾಗಿ ಎತ್ತಿ. ನಾನು ಇನ್ಯಾವುದೋ ಬೋರ್ಡಿನಲ್ಲಿ ಅವಸರ ಮಾಡಿ ಬೆಸುಗೆ ಕಬ್ಬಿಣ ಜಾಸ್ತಿ ಹೊತ್ತು ಹಿಡಿದು ತಾಮ್ರದ ಗೆರೆಯನ್ನೇ ಎಬ್ಬಿಸಿದ್ದೆ. ಆಮೇಲೆ ಭೂತಗನ್ನಡಿ ಹಾಕಿಕೊಂಡು ಕೂದಲಿನಂಥ ತಂತಿಯಿಂದ ಅದನ್ನು ಸರಿಪಡಿಸುವ ಹೊತ್ತಿಗೆ ಪಿತೃಪಕ್ಷ ಕಳೆದು ನವರಾತ್ರಿ ಬಂದಿತ್ತು.

ಸೆಲ್ ಹಾಕಿದ ಮೇಲೆ ಆನ್ ಮಾಡಿ, ಶುರುವಿನ ಮೆನುವಿನಲ್ಲಿ ಕಮಾಂಡ್ ಮಾನಿಟರ್ ಒಳಗೆ ಹೋಗಿ, ಸ್ಟಿಕ್ಕರ್‌ನಲ್ಲಿದ್ದ ವಿಳಾಸವನ್ನು ಮತ್ತೆ ಬರೆಸಿ. ಅದೇ ವಿಳಾಸ. ಬೇರೆ ಯಾವುದೋ ಬರೆದರೆ ನೆಟ್‌ವರ್ಕ್ ನಡೆಯಬಹುದು, ಲೈಸೆನ್ಸ್ ನಡೆಯಲ್ಲ. ಸ್ಟಿಕ್ಕರ್ ಇಲ್ಲದಿದ್ದರೆ ಸಾಫ್ಟ್‌ವೇರ್ ಜೊತೆ ಬಂದಿದ್ದ ಕಾಗದಪತ್ರ ಹುಡುಕಿ, ಲೈಸೆನ್ಸ್ ಕಾಗದದಲ್ಲಿ ಮೆಷಿನ್ ಸಂಖ್ಯೆ ಬರೆದಿರುತ್ತಾರೆ. ಅದು 69 ಅಂತ ಶುರುವಾಗಿದ್ದರೆ ಮುಂದೆ 08:00 ಸೇರಿಸಿಕೊಳ್ಳಿ, ವಿಳಾಸ ಸಿಕ್ಕಿತು.

ಪ್ರಶ್ನೆ (ಶಿವಮೊಗ್ಗ ವಿನೋಬನಗರದಿಂದ, ಇಂಜಿನಿಯರಿಂಗ್ ವಿದ್ಯಾರ್ಥಿ): ಅಣ್ಣಾ, ಬೇಜಾರು ಮಾಡ್ಕೋಬೇಡಿ. ನನ್ನ ಮೊಬೈಲೇ ಇವೆಲ್ಲಕ್ಕಿಂತ ನೂರು ಪಟ್ಟು ಫಾಸ್ಟ್. ಹಳೇ ಮೆಷಿನ್ ಥರ ನಟಿಸುವ ಎಮ್ಯುಲೇಟರ್ ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಸಾಕಲ್ವಾ? ಕಬ್ಬಿಣ ಯಾಕೆ ಕೂಡಿಡಬೇಕು?

ಉತ್ತರ: ಬೇಜಾರೇನಿಲ್ಲ ತಮ್ಮಾ, ನಮ್ಮ ಮನೆಯಲ್ಲೂ ದಿನಾ ಇದೇ ಕೇಳ್ತಾರೆ. ಮೇಮ್ ಎಂಬ ಎಮ್ಯುಲೇಟರ್‌ನಲ್ಲಿ ಇಂಡಿಯನ್ನೇ ಓಡಿಸಬಹುದು, ಅದರೊಳಗೆ ಎಸ್‌ಜಿಐನ ಆಪರೇಟಿಂಗ್ ಸಿಸ್ಟಂ ಐರಿಕ್ಸ್ ಕೂಡ ಬೂಟ್ ಆಗುತ್ತದೆ. ಹೊಸಬರು ಅಲ್ಲಿಂದಲೇ ಶುರು ಮಾಡಿ ಅಂತ ನಾನೇ ಹೇಳ್ತೀನಿ, ದುಡ್ಡೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಆದರೆ ಆ ಎಮ್ಯುಲೇಟರ್ ಹುಟ್ಟಿದ್ದು ಹೇಗೆ? ಯಾರೋ ನಿಜವಾದ ಮೆಷಿನ್ ಇಟ್ಟುಕೊಂಡಿದ್ದವರು ಅದರ ರಾಮ್ ಕಾಪಿ ತೆಗೆದು, ಚಿಪ್ಪು ಹೇಗೆ ನಡೆದುಕೊಳ್ಳುತ್ತದೆ ಅಂತ ಒಂದೊಂದೇ ನೋಡಿ ಬರೆದದ್ದು. ಮೆಷಿನ್ ಇಲ್ಲದಿದ್ದರೆ ತಾಳೆ ನೋಡೋದು ಯಾವುದಕ್ಕೆ? (ಆ ರಾಮ್ ಅಂದರೆ ರೀಡ್ ಓನ್ಲಿ ಮೆಮೊರಿ, ನಿನಗೆ ಹೇಳಬೇಕಾಗಿಲ್ಲ.)

ನಿನ್ನ ಮೊಬೈಲಿನ ಗೇಮ್‌ಗಳ ಬೇರು ಹುಡುಕಿದರೂ ಇಲ್ಲಿಗೇ ಬರುತ್ತದೆ. ಜಿಮ್ ಕ್ಲಾರ್ಕ್ ಸ್ಟ್ಯಾನ್‌ಫರ್ಡ್‌ನಲ್ಲಿ ಮೇಷ್ಟ್ರಾಗಿದ್ದಾಗ ತ್ರೀಡಿ ಲೆಕ್ಕ ಮಾಡಲು ಅಂತಲೇ ಒಂದು ಚಿಪ್ ಮಾಡಿದರು, ಜಿಯೊಮೆಟ್ರಿ ಎಂಜಿನ್ ಅಂತ. ಅದನ್ನು ಹಿಡಿದುಕೊಂಡೇ ವಿದ್ಯಾರ್ಥಿಗಳ ಜೊತೆ ಎಸ್‌ಜಿಐ ಕಟ್ಟಿದ್ದು. ಅವರ ಗ್ರಾಫಿಕ್ಸ್ ಲೈಬ್ರರಿಯೇ (ತ್ರೀಡಿ ಚಿತ್ರ ಬಿಡಿಸುವ ಸಿದ್ಧ ಪ್ರೋಗ್ರಾಮುಗಳ ಕಟ್ಟು) 1992ರಲ್ಲಿ ಓಪನ್‌ಜಿಎಲ್ ಆಯಿತು. 1996ರ ನಿಂಟೆಂಡೊ 64 ಗೇಮ್ ಪೆಟ್ಟಿಗೆಯ ಗ್ರಾಫಿಕ್ಸ್ ಕೂಡ ಎಸ್‌ಜಿಐದೇ. 1993ರ ಜುರಾಸಿಕ್ ಪಾರ್ಕ್‌ನ ಕಂಪ್ಯೂಟರ್ ಡೈನೋಸಾರ್‌ಗಳು ಇವರ ಮೆಷಿನ್‌ಗಳ ಮೇಲೆ ಬಂದವು. ಆ ಸಿನಿಮಾದಲ್ಲಿ ಹುಡುಗಿ ಪರದೆಯ ಮೇಲೆ ಕಟ್ಟಡಗಳ ಮೇಲೆ ಹಾರಿದ ಹಾಗೆ ಫೈಲ್ ಹುಡುಕುತ್ತಾಳಲ್ಲ, ಅದು ಸೆಟ್ಟಿಗೆ ಅಂತ ಬಿಡಿಸಿದ ಚಿತ್ರ ಅಲ್ಲ, ಎಫ್‌ಎಸ್‌ಎನ್ ಎಂಬ ಎಸ್‌ಜಿಐನ ನಿಜವಾದ ಪ್ರೋಗ್ರಾಮು. ಆಮೇಲೆ ಪಿಸಿಗೆ ಅಗ್ಗದ ಗ್ರಾಫಿಕ್ಸ್ ಕಾರ್ಡ್ ಬಂದವು, ಇವರ ಧಂದೆ ಮಲಗಿತು. 2006ರಲ್ಲಿ ಐರಿಕ್ಸ್ ನಿಂತಿತು, 2009ರಲ್ಲಿ ಕಂಪನಿಯೇ ದಿವಾಳಿಯಾಗಿ ಮಾರಾಟವಾಯಿತು. ಅವರ ಹಳೇ ಕ್ಯಾಂಪಸ್ಸಿನಲ್ಲಿ ಈಗ ಗೂಗಲ್ ಇದೆ.

ಒಂದು ಭಾನುವಾರ ಮನೆಗೆ ಬಾ. ಮೌಸ್ ಹಿಡಿದು ನೋಡು. ಆಮೇಲೂ ಕಬ್ಬಿಣ ಅನ್ನಿಸಿದರೆ ಕಾಫಿ ಕುಡಿದು ಹೋಗು.

ಪ್ರಶ್ನೆ (ಹೊಸನಗರದಿಂದ): ನಾನು 25 ವರ್ಷ ವಿಡಿಯೋ ಸ್ಟುಡಿಯೋ ನಡೆಸಿದವನು. ಮದುವೆ ಕ್ಯಾಸೆಟ್‌ಗೆ ಹೆಸರು, ಹೂವು, ಹಾರಾಡುವ ಹೃದಯ ಎಲ್ಲ ಹಾಕುತ್ತಿದ್ದದ್ದು ಒಂದು ಅಮಿಗಾ 2000ದಲ್ಲಿ. ಮೊನ್ನೆ ಬಿಚ್ಚಿದೆ. ಬೋರ್ಡಿನ ಒಂದು ಮೂಲೆಯಲ್ಲಿ ನೀಲಿ ಹಸಿರು ಪುಡಿ ಹಿಡಿದಿದೆ. ಬೂಷ್ಟಾ?

ಉತ್ತರ: ಬೂಷ್ಟಲ್ಲ, ಅದಕ್ಕಿಂತ ಕೆಟ್ಟದ್ದು. ಅಮಿಗಾ ವರ್ಕ್‌ಸ್ಟೇಷನ್ ಜಾತಿಗೆ ಸೇರುತ್ತಾ ಅಂತ ಕೆಲವರು ತಕರಾರು ತೆಗೀತಾರೆ. ಅದರ ಮೇಲೆ ಹಾರಾಡಿದ ಹೃದಯಗಳನ್ನು ನೋಡಿ ಬೆಳೆದವನು ನಾನು, ನನ್ನ ಮಟ್ಟಿಗೆ ಸೇರುತ್ತದೆ.

ಅಲ್ಲಿ ಒಂದು ಚಿಕ್ಕ ಪೀಪಾಯಿಯಂಥ ನಿಕ್ಕೆಲ್ ಕ್ಯಾಡ್ಮಿಯಂ ಬ್ಯಾಟರಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅದು ಸೋರಿದೆ. ಸೋರೋದು ಕ್ಷಾರ, ಆಸಿಡ್ ಅಲ್ಲ. ತಾಮ್ರದ ಗೆರೆಯ ಒಳಗೇ ತೆವಳಿಕೊಂಡು ಹೋಗಿ ತಿನ್ನುತ್ತದೆ. ಇವತ್ತೇ ಬ್ಯಾಟರಿಯನ್ನು ಕಟರ್‌ನಿಂದ ಕತ್ತರಿಸಿ ತೆಗೆಯಿರಿ, ಅದಿಲ್ಲದೆಯೂ ಅಮಿಗಾ ಓಡುತ್ತದೆ, ಗಡಿಯಾರ ಒಂದು ನಿಲ್ಲುತ್ತದೆ ಅಷ್ಟೇ. ಆಮೇಲೆ ಬಿಳಿ ವಿನೆಗರ್ ಹತ್ತಿಯಲ್ಲಿ ಅದ್ದಿ ಹಚ್ಚಿ. ವಿನೆಗರ್ ಇಲ್ಲದಿದ್ದರೆ ಸೋಸಿದ ನಿಂಬೆ ರಸವೂ ಆಗುತ್ತದೆ. ಸಣ್ಣಗೆ ನೊರೆ ಬರುತ್ತದೆ. ನಿಂತ ಮೇಲೆ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಆಲ್ಕೋಹಾಲ್ ಹಚ್ಚಿ, ಪೂರ್ತಿ ಒಣಗಿಸಿ. ಗ್ಲೌಸ್ ಹಾಕಿಕೊಳ್ಳಿ, ಕ್ಯಾಡ್ಮಿಯಂ ವಿಷ. ಕತ್ತರಿಸಿದ ಬ್ಯಾಟರಿಯನ್ನು ತೋಟಕ್ಕೆ ಎಸೆಯಬೇಡಿ, ಬಾವಿ ಪಕ್ಕ ಅಂತೂ ಬೇಡವೇ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಫ್ಲಾಪಿಗಳು ಉಳಿದಿದ್ದರೆ ನನಗೆ ಒಂದು ಸಾಲು ಬರೆಯಿರಿ. ಹೊಸನಗರದ ಮದುವೆಗಳಿಗೆ ನೀವೇ ಬಿಡಿಸಿದ ಕನ್ನಡ ಅಕ್ಷರಗಳು ಅದರಲ್ಲಿದ್ದರೆ ಅಮಿಗಾಕ್ಕಿಂತ ಅವೇ ಅಮೂಲ್ಯ. ಅಮಿಗಾ ಇನ್ನೊಂದು ಸಿಗುತ್ತದೆ.

ಪ್ರಶ್ನೆ (ಕೊಪ್ಪದಿಂದ): ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಹಳೇ ಮೆಷಿನ್‌ಗಳನ್ನು ಹೇಗೆ ಇಡೋದು? ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿದ್ದೇನೆ.

ಉತ್ತರ: ಬಿಚ್ಚಿ. ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಬರಲ್ಲ, ರಾತ್ರಿ ತಣ್ಣಗಾದಾಗ ಲೋಹದ ಮೇಲೇ ಹನಿ ಕಟ್ಟುತ್ತದೆ. ನಮ್ಮ ಕಡೆಯ ಹಳೇ ಫೋಟೋಗ್ರಾಫರ್‌ಗಳು ಲೆನ್ಸಿಗೆ ಬೂಷ್ಟು ಬರದ ಹಾಗೆ ಮಾಡುತ್ತಿದ್ದದ್ದು ಗೊತ್ತಲ್ಲ? ಬೀರುವಿನ ಕೆಳಗೆ ಒಂದು ತಂತಿ ಬಲ್ಬು ಉರಿಸುತ್ತಿದ್ದರು. ನಾನೂ ಅದನ್ನೇ ಮಾಡ್ತೀನಿ. ಹಳೇ ಕಬ್ಬಿಣದ ಬೀರು, ಕೆಳಗೆ 40 ವಾಟಿನ ಬಲ್ಬು, ಅದರ ಮೇಲೆ ತಗಡಿನ ಮರೆ, ಮೇಲೆ ಎರಡು ತೂತು. ಒಳಗೆ ತೇವ ಅಳೆಯುವ ಒಂದು ಪುಟ್ಟ ಮೀಟರ್ ಇಟ್ಟಿದ್ದೇನೆ. 50 ಪರ್ಸೆಂಟ್ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಬೀರುವಿಗೆ ಹಿಡಿಸದ ದೊಡ್ಡ ಮೆಷಿನ್‌ಗೆ ಹತ್ತಿ ಬಟ್ಟೆ ಹೊದಿಸಿ, ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ದೂರ ಇಡಿ. ಸಿಲಿಕಾ ಜೆಲ್ ಇಟ್ಟರೆ ವಾರಕ್ಕೊಮ್ಮೆ ಬಿಸಿ ಮಾಡಿ ಒಣಗಿಸಲೇಬೇಕು. ಸುಮ್ನೆ ಇಟ್ಟು ಮರೆತರೆ ಅದೂ ಒದ್ದೆ ಕಲ್ಲುಸಕ್ಕರೆ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ. ಬೆಚ್ಚಗಿರುವುದೇನೋ ನಿಜ. ಆದರೆ ಮಸಿ ಮತ್ತು ಎಣ್ಣೆ ಜಿಡ್ಡು ಒಟ್ಟಿಗೆ ಕೂತರೆ ತೆಗೆಯೋದು ನಿಮ್ಮಪ್ಪನಾಣೆ ಕಷ್ಟ.

ಸಿಡಿಲು ಇನ್ನೊಂದು. ಮುಂಗಾರು ಪೂರ್ವದ ಮಳೆ ಶುರುವಾದರೆ ಪ್ಲಗ್ ತೆಗೆದಿಡಿ, ನೆಟ್‌ವರ್ಕ್ ಕೇಬಲ್ಲನ್ನೂ ತೆಗೆಯಿರಿ. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತಕ್ಕೆ, ಸಿಡಿಲಿಗೆ ಅಲ್ಲ.

ಪ್ರಶ್ನೆ (ಭದ್ರಾವತಿಯಿಂದ): ಗುಜರಿ ಅಂಗಡಿಯಲ್ಲಿ ಹಸಿರು ಬಣ್ಣದ ಒಂದು ದಪ್ಪ ಪೆಟ್ಟಿಗೆ, ಆಕ್ಟೇನ್ ಅಂತ ಹೆಸರು, ಜೊತೆಗೆ ಭಾರೀ ಮಾನಿಟರ್ ಇದೆ. ತಗೊಳ್ಳಲಾ?

ಉತ್ತರ: ತಗೊಳ್ಳಿ, ಆದರೆ ಇಬ್ಬರು ಹೋಗಿ. ಆಕ್ಟೇನ್ 1997ರದ್ದು, ಒಂದು ಅಕ್ಕಿ ಮೂಟೆಯಷ್ಟು ಭಾರ, ಮಾನಿಟರ್ 30 ಕೆಜಿ ಹತ್ತಿರ ಬರಬಹುದು. ಗುಜರಿಯವರು ತೂಕದ ಲೆಕ್ಕ ಹೇಳಿದರೆ ಆ ಕ್ಷಣವೇ ಒಪ್ಪಿಕೊಳ್ಳಿ. ‘ಇದು ಅಪರೂಪದ್ದಾ?’ ಅಂತ ಅವರೆದುರು ಕೇಳಬೇಡಿ. ಹೊರದೇಶದಿಂದ ತರಿಸೋಣ ಅಂದರೆ ಬಳಸಿದ ಕಂಪ್ಯೂಟರ್ ಆಮದಿಗೆ ಸರ್ಕಾರದ ಅನುಮತಿ ಬೇಕು, ಹಾಗಾಗಿ ದೇಶದೊಳಗೆ ಸಿಕ್ಕಿದ್ದನ್ನು ಬಿಡಬಾರದು.

ಮನೆಗೆ ತಂದ ಮೇಲೆ ಗ್ರಾಫಿಕ್ಸ್ ಬೋರ್ಡನ್ನು ಸುಮ್ನೆ ಕುತೂಹಲಕ್ಕೆ ಎಳೆಯಬೇಡಿ. ಅದರ ಕನೆಕ್ಟರ್‌ನಲ್ಲಿ ಪಿನ್ ಇಲ್ಲ, ಒತ್ತಿಕೊಂಡು ಕೂರುವ ಚಿನ್ನದ ಬಣ್ಣದ ನವಿರು ಕೂದಲಿನಂಥ ತುದಿಗಳಿವೆ. ಬೆರಳು ತಾಗಿದರೆ ಬಾಗುತ್ತವೆ, ಬ್ರಷ್ ಹಾಕಿದರೆ ಮುಗಿಯಿತು. ಊದುವುದೂ ಬೇಡ, ಎಂಜಲು ಹಾರುತ್ತದೆ. ಮಾನಿಟರ್ ಹಿಂದಿನ ಮುಚ್ಚಳ ತೆಗೆಯಬೇಡಿ, ಪಿಕ್ಚರ್ ಟ್ಯೂಬಿನ ಹೈ ವೋಲ್ಟೇಜ್ 25,000 ವೋಲ್ಟಿನ ಆಸುಪಾಸಿನದು. ಅದು ಕೆಟ್ಟಿದ್ದರೆ ಎಲ್‌ಸಿಡಿ ಹಚ್ಚಬಹುದು, ಆದರೆ ಈ ಮೆಷಿನ್‌ಗಳ 13ಡಬ್ಲ್ಯೂ3 ಕನೆಕ್ಟರ್‌ಗೆ ಎಸ್‌ಜಿಐ ಅಡಾಪ್ಟರೇ ಬೇಕು. ನೋಡಲು ಒಂದೇ ಥರ ಇರುವ ಸನ್ ಅಡಾಪ್ಟರ್‌ನಲ್ಲಿ ಒಳಗಿನ ವೈರಿಂಗ್ ಬೇರೆ. ಮತ್ತೆ ಸಿಂಕ್, ಅಂದರೆ ಚಿತ್ರವನ್ನು ಪರದೆಯ ಮೇಲೆ ಸರಿಯಾಗಿ ನಿಲ್ಲಿಸುವ ಸಿಗ್ನಲ್, ಹಸಿರು ಬಣ್ಣದ ವೈರಿನಲ್ಲೇ ಬರುತ್ತದೆ, ಎಲ್ಲ ಎಲ್‌ಸಿಡಿಗೂ ಅದು ಅರ್ಥವಾಗಲ್ಲ. ಕೊಳ್ಳುವ ಮೊದಲು ‘ಸಿಂಕ್ ಆನ್ ಗ್ರೀನ್’ ಇದೆಯಾ ಅಂತ ನೋಡಿಕೊಳ್ಳಿ.

ಪ್ರಶ್ನೆ (ಸೊರಬ ತಾಲ್ಲೂಕಿನಿಂದ): ನಮ್ಮ ತಂದೆ ತೀರಿಕೊಂಡು ನಾಲ್ಕು ವರ್ಷ. ಅವರು ಹಳೇ ದೇವಸ್ಥಾನಗಳ ಅಳತೆ ತೆಗೆದು ಕಂಪ್ಯೂಟರಿನಲ್ಲಿ ಮಾದರಿ ಮಾಡುತ್ತಿದ್ದರು. ಅದೆಲ್ಲ ಒಂದು ಎಸ್‌ಜಿಐ ಮೆಷಿನ್‌ನಲ್ಲಿದೆ. ಮೆಷಿನ್ ಉಳಿಯದಿದ್ದರೂ ಪರವಾಗಿಲ್ಲ, ಆ ಚಿತ್ರಗಳು ಬೇಕು. ಒಂದು ಸಲ ಆನ್ ಮಾಡಿದಾಗ ಟಿಕ್ ಟಿಕ್ ಶಬ್ದ ಬಂತು, ಹೆದರಿ ಆಫ್ ಮಾಡಿದೆ.

ಉತ್ತರ: ಆಫ್ ಮಾಡಿದ್ದು ಬಹಳ ಒಳ್ಳೇದಾಯ್ತು ಅಕ್ಕಾ. ಇನ್ನು ಅದನ್ನು ಆನ್ ಮಾಡಬೇಡಿ. ಹಾರ್ಡ್ ಡಿಸ್ಕ್ ಮುದಿಯಾಗಿದ್ದರೆ ಅದಕ್ಕೆ ಇನ್ನೆಷ್ಟು ಸಲ ತಿರುಗುವ ಶಕ್ತಿ ಉಳಿದಿದೆ ಅಂತ ಯಾರಿಗೂ ಗೊತ್ತಿರಲ್ಲ. ಉಳಿದ ಆ ಒಂದೆರಡು ಸಲವನ್ನು ಐರಿಕ್ಸ್ ಬೂಟ್ ಮಾಡಿಸಿ ಖರ್ಚು ಮಾಡಬಾರದು, ನೇರ ಕಾಪಿ ತೆಗೆಯಲು ಇಟ್ಟುಕೊಳ್ಳಬೇಕು.

ಡಿಸ್ಕ್ ಒಂದನ್ನೇ ಮೆಷಿನ್‌ನಿಂದ ತೆಗೆದು, ಸ್ಕಸಿ ಕಾರ್ಡ್ ಇರುವ ಹಳೇ ಪಿಸಿಗೆ ಹಚ್ಚಬೇಕು. ಪಿಸಿಯಲ್ಲಿ ಲಿನಕ್ಸ್ ಇರಲಿ. ಡಿಸ್ಕಿನ ಮೇಲಿನ ಜಂಪರ್ (ಡಿಸ್ಕಿನ ನಂಬರ್ ಗೊತ್ತುಮಾಡುವ ಪುಟ್ಟ ಪಿನ್ ಟೋಪಿ) ಹೇಗಿತ್ತು ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಎಸ್‌ಜಿಐಯಲ್ಲಿ ಡಿಸ್ಕ್ 1ನೇ ನಂಬರಿನಲ್ಲಿ ಇರುತ್ತದೆ. ಕೇಬಲ್ಲಿನ ಎರಡೂ ತುದಿಗೆ ಸಿಗ್ನಲ್ ವಾಪಸ್ ಚಿಮ್ಮದ ಹಾಗೆ ತಡೆಯುವ ಟರ್ಮಿನೇಟರ್ ಇರಬೇಕು, ಇಲ್ಲದಿದ್ದರೆ ಒಳ್ಳೇ ಡಿಸ್ಕೂ ಕೆಟ್ಟಂತೆ ಕಾಣುತ್ತದೆ. ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮು ಓದಲು ಬರುವ ಜಾಗಗಳನ್ನೆಲ್ಲ ಮೊದಲು ಓದಿ, ಕೆಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ. ಇಡೀ ಡಿಸ್ಕ್ ಒಂದೇ ಫೈಲಾಗಿ ಸಿಗುತ್ತದೆ. ಅದನ್ನು ಎರಡು ಕಡೆ ಇಡಿ. ಮೂಲ ಡಿಸ್ಕನ್ನು ಮತ್ತೆ ಮುಟ್ಟುವ ಅಗತ್ಯವಿಲ್ಲ. ಐರಿಕ್ಸ್‌ನ ಹಳೇ ಇಎಫ್‌ಎಸ್ ಎಂಬ, ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನವನ್ನು ಲಿನಕ್ಸ್ ಓದಬಲ್ಲದು, ಬರೆಯಲಾರದು. ನಮಗೂ ಬೇಕಾದ್ದು ಅಷ್ಟೇ. ಆಮೇಲೆ ಬಂದ ಎಕ್ಸ್‌ಎಫ್‌ಎಸ್ ಅಂತೂ ಎಸ್‌ಜಿಐಯಿಂದಲೇ ಲಿನಕ್ಸ್‌ಗೆ ಬಂದದ್ದು. ಫೈಲ್ ಸಿಕ್ಕ ಮೇಲೆ ನಿಮ್ಮ ತಂದೆ ಬಳಸಿದ ಸಾಫ್ಟ್‌ವೇರ್ ಯಾವುದು ಅಂತ ತಿಳಿಯಬೇಕು. ಅವರ ನೋಟ್‌ಬುಕ್, ಮ್ಯಾನುಯಲ್, ಸಿಡಿ ಡಬ್ಬಿ, ಹಾಳೆಯ ಮೇಲೆ ಗೀಚಿದ ಪಾಸ್‌ವರ್ಡ್ ಏನಿದ್ದರೂ ಎಸೆಯಬೇಡಿ. ಅಳತೆ ಬರೆದ ಪುಸ್ತಕ ಇದ್ದರೆ ಅದನ್ನು ಮೊದಲು ಸ್ಕ್ಯಾನ್ ಮಾಡಿಸಿ, ಅದಕ್ಕೆ ಕೇಬಲ್ ಬೇಡ, ಕರೆಂಟೂ ಬೇಡ.

ಮೆಷಿನ್ನನ್ನೂ ಗುಜರಿಗೆ ಹಾಕಬೇಡಿ. ಹಳೇ ಡಿಸ್ಕಿನ ಜಾಗದಲ್ಲಿ ಎಸ್‌ಡಿ ಕಾರ್ಡ್ ಕೂರಿಸುವ ಬೋರ್ಡ್‌ಗಳು ಈಗ ಸಿಗುತ್ತವೆ, ಸ್ಕಸಿ2ಎಸ್‌ಡಿ, ಬ್ಲೂಸ್ಕಸಿ ಅಂತ. ಆ ಕಾಪಿಯನ್ನೇ ಅದಕ್ಕೆ ಹಾಕಿದರೆ ನಿಮ್ಮ ತಂದೆ ಕೊನೆಗೆ ಬಿಟ್ಟ ಡೆಸ್ಕ್‌ಟಾಪೇ ತೆರೆದುಕೊಳ್ಳಬಹುದು. ಇಂಟರ್ನೆಟ್ಟಿಗೆ ಮಾತ್ರ ಜೋಡಿಸಬೇಡಿ, ಐರಿಕ್ಸ್‌ನಲ್ಲಿ ಪಾಸ್‌ವರ್ಡ್ ಇಲ್ಲದ ಖಾತೆಗಳು ಮೊದಲಿನಿಂದಲೂ ಇದ್ದವು, ಬಾಗಿಲು ತೆರೆದಿಟ್ಟ ಮನೆ ಅದು.

ನನ್ನ ಹತ್ತಿರ ಸ್ಕಸಿ ಕಾರ್ಡ್ ಇರುವ ಪಿಸಿ ಇದೆ. ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಬರೆಯಿರಿ, ದಿನ ಗೊತ್ತು ಮಾಡೋಣ. ಡಿಸ್ಕ್ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಸೊರಬದಿಂದ ಬಸ್ಸಿನಲ್ಲಿ ಬರುವುದಾದರೆ ಮೇಲಿನ ಕ್ಯಾರಿಯರ್‌ನಲ್ಲಿ ಇಡಬೇಡಿ, ಹಿಂದಿನ ಸೀಟಿನಲ್ಲೂ ಕೂರಬೇಡಿ. ಮಧ್ಯದ ಸೀಟು ಹಿಡಿದು ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ.